ಹುಬ್ಬಳ್ಳಿಯಿಂದ ಸ್ಯಾನ್ ಫ್ರಾನ್ಸಿಸ್ಕೊ: ಎಷ್ಟು ಕಿಲೋಮೀಟರ್, ಎಷ್ಟು ತಾಸು?

ಉಣಕಲ್ ಕೆರೆ

ಈ ವೇದಿಕೆಯಲ್ಲಿ ಊರುಕೇರಿಗಳ ಹೆಸರಿನಲ್ಲಿ ಬರೆಯುವ ಎಲ್ಲ ಸದಸ್ಯರಿಗೂ ನಮಸ್ಕಾರ. ಬರುವ ಜನವರಿಯಲ್ಲಿ ನಾನು ಮತ್ತು ನಮ್ಮ ಯಜಮಾನರು ಮಗಳ ಮನೆಗೆಂದು ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಡುವವರಿದ್ದೇವೆ. ಇಬ್ಬರಿಗೂ ಅರವತ್ತು ದಾಟಿದೆ. ಯಜಮಾನರಿಗೆ ಸಕ್ಕರೆ ಕಾಯಿಲೆಯಿದ್ದು ಇನ್ಸುಲಿನ್ ತೆಗೆದುಕೊಳ್ಳುತ್ತಾರೆ, ಮೊಣಕಾಲು ನೋವೂ ಇದೆ. ಆದ್ದರಿಂದ ಎಷ್ಟು ದೂರ, ಎಷ್ಟು ಹೊತ್ತು ಎಂಬುದನ್ನು ಮೊದಲೇ ತಿಳಿದುಕೊಳ್ಳೋಣವೆಂದು ಅಂತರ್ಜಾಲದಲ್ಲಿ ಹುಡುಕಿದರೆ, ಬೆಂಗಳೂರಿನಿಂದ ಅಲ್ಲಿಗೆ 13,990 ಎಂದು ಒಂದು ಕಡೆ, 8,700 ಎಂದು ಇನ್ನೊಂದು ಕಡೆ, 7,550 ಎಂದು ಮತ್ತೊಂದು ಕಡೆ ಕಾಣುತ್ತಿದೆ. ಟ್ರಾವೆಲ್ ಏಜೆಂಟರು ಬರೆದುಕೊಟ್ಟ ಚೀಟಿಯಲ್ಲಿ ಬೆಂಗಳೂರನ್ನು ಶುಕ್ರವಾರ ನಸುಕಿನ 4 ಗಂಟೆಗೆ ಬಿಟ್ಟು, ದುಬೈನಲ್ಲಿ ವಿಮಾನ ಬದಲಿಸಿ, ಅದೇ ಶುಕ್ರವಾರ ಮಧ್ಯಾಹ್ನ 1 ಗಂಟೆಗೆ ತಲುಪುತ್ತೇವೆಂದು ಇದೆ. ಬರುವಾಗ ಮಾತ್ರ ಭಾನುವಾರ ಹೊರಟವರು ಮಂಗಳವಾರ ಬಂದು ಮುಟ್ಟುತ್ತೇವಂತೆ. ಹೋಗುವುದಕ್ಕೆ ಒಂಬತ್ತು ತಾಸು, ಬರುವುದಕ್ಕೆ ಎರಡು ದಿನ ಎಂದರೆ ಏನರ್ಥ? ತಿಳಿದವರು ದಯವಿಟ್ಟು ಬಿಡಿಸಿ ಹೇಳಬೇಕು.

ಸಾಧನಕೇರಿ

ಅಕ್ಕಾವರೆ, ನಿಮಗೆ ಕಂಡ ಮೂರು ಸಂಖ್ಯೆಗಳೂ ಒಂದೇ ದೂರವನ್ನು ಹೇಳುತ್ತವೆ. ಮೊದಲನೆಯದು ಕಿಲೋಮೀಟರ್, ಎರಡನೆಯದು ಮೈಲು, ಮೂರನೆಯದು ವಿಮಾನ ಮತ್ತು ಹಡಗಿನವರು ಬಳಸುವ ನಾಟಿಕಲ್ ಮೈಲು. ಒಂದು ಮೈಲಿಗೆ 1.609 ಕಿಲೋಮೀಟರ್, ಒಂದು ನಾಟಿಕಲ್ ಮೈಲಿಗೆ 1.852 ಕಿಲೋಮೀಟರ್. ಗುಣಿಸಿ ನೋಡಿದರೆ ಮೂರೂ ಹದಿನಾಲ್ಕು ಸಾವಿರ ಕಿಲೋಮೀಟರ್‌ನ ಆಸುಪಾಸಿಗೇ ಬಂದು ನಿಲ್ಲುತ್ತವೆ.

ಆದರೆ ಇದು ಭೂಗೋಳದ ಮೇಲೆ ಎರಡು ಊರುಗಳ ನಡುವಿನ ಅತಿ ಕಡಿಮೆ ದೂರ ಮಾತ್ರ. ವಿಮಾನ ನಿಜವಾಗಿ ಹಾರುವ ದೂರವಲ್ಲ. ನಾನು ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದಾಗ ಮಕ್ಕಳಿಗೆ ಗೋಳದ ಮೇಲೆ ದಾರವೊಂದನ್ನು ಬಿಗಿಯಾಗಿ ಹಿಡಿದು ತೋರಿಸುತ್ತಿದ್ದೆ. ನಕಾಶೆಯನ್ನು ಗೋಡೆಗೆ ಹಚ್ಚಿ ನೋಡಿದರೆ ಅಮೆರಿಕ ನಮ್ಮಿಂದ ಪಶ್ಚಿಮಕ್ಕೋ ಪೂರ್ವಕ್ಕೋ ಇದ್ದಂತೆ ಕಾಣುತ್ತದೆ. ಗೋಳದ ಮೇಲೆ ದಾರ ಹಿಡಿದರೆ, ಅದು ಹುಬ್ಬಳ್ಳಿಯಿಂದ ಬಹುತೇಕ ಉತ್ತರಕ್ಕೇ ಮುಖ ಮಾಡಿ, ಹಿಮಾಲಯ, ಟಿಬೆಟ್, ಮಂಗೋಲಿಯಾ, ಸೈಬೀರಿಯಾಗಳ ಮೇಲೆ ಹಾದು, 70 ಡಿಗ್ರಿ ಉತ್ತರ ಅಕ್ಷಾಂಶವನ್ನೂ ದಾಟಿ, ಅಲಾಸ್ಕದ ಮೇಲಿಂದ ಕೆಳಗಿಳಿದು ಕ್ಯಾಲಿಫೋರ್ನಿಯಾ ಸೇರುತ್ತದೆ. ಹೀಗೆ ಲೆಕ್ಕ ಹಾಕಿದರೆ ನಮ್ಮ ಹುಬ್ಬಳ್ಳಿಯಿಂದ ಅಲ್ಲಿಗೆ ಸುಮಾರು 13,850 ಕಿಲೋಮೀಟರ್ ಆಗುತ್ತದೆ. ಅಂದರೆ ಬೆಂಗಳೂರಿಗಿಂತ ನಾವೇ ನೂರನಾಲ್ವತ್ತು ಕಿಲೋಮೀಟರ್ ಹತ್ತಿರ. ವಿಮಾನ ಹಿಡಿಯುವುದಕ್ಕೆಂದು ನೀವು ದಕ್ಷಿಣಕ್ಕೆ ಇಳಿದಷ್ಟೂ ಮಗಳ ಮನೆಯಿಂದ ದೂರವಾಗುತ್ತೀರಿ ಎಂಬುದು ತಮಾಷೆಯಾದರೂ ನಿಜ.

ಇಷ್ಟು ದೂರವೆಂಬುದಕ್ಕೆ ಒಂದು ಅಳತೆ ಬೇಕೆಂದರೆ, ಭೂಮಿಯ ಮೇಲೆ ಯಾವುದೇ ಎರಡು ಸ್ಥಳಗಳ ನಡುವೆ ಇರಬಹುದಾದ ಗರಿಷ್ಠ ದೂರ ಸುಮಾರು 20,000 ಕಿಲೋಮೀಟರ್. ಹುಬ್ಬಳ್ಳಿಗೆ ಸರಿಯಾಗಿ ಎದುರಿನ ಬಿಂದು ಪೆಸಿಫಿಕ್ ಸಾಗರದ ನಡುನೀರಿನಲ್ಲಿದೆ, ಅಲ್ಲಿ ಯಾರ ಮಕ್ಕಳೂ ಕೆಲಸಕ್ಕೆ ಹೋಗಿಲ್ಲ.

ಕೋರ್ಟ್ ಸರ್ಕಲ್

ಮಾಸ್ತರರ ಲೆಕ್ಕವನ್ನು ಒಪ್ಪುತ್ತೇನೆ. ಆದರೆ ಹೋಗುವುದಕ್ಕೂ ಬರುವುದಕ್ಕೂ ವ್ಯತ್ಯಾಸ ಬರುವುದು ಭೂಮಿ ತಿರುಗುವುದರಿಂದಲೇ ಅಲ್ಲವೇ? ವಿಮಾನ ಆಕಾಶದಲ್ಲಿರುವಾಗ ಕೆಳಗೆ ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತಿರುತ್ತದೆ. ಹಾಗಾಗಿ ಪಶ್ಚಿಮಕ್ಕೆ ಹೊರಟ ವಿಮಾನಕ್ಕೆ ಊರೇ ಎದುರು ಬರಬೇಕು, ಬೇಗ ಮುಟ್ಟಬೇಕು.

ಸಾಧನಕೇರಿ

ಹಾಗಾಗುವುದಿಲ್ಲ. ಹುಬ್ಬಳ್ಳಿಯ ಅಕ್ಷಾಂಶದಲ್ಲಿ ಭೂಮಿಯ ಮೇಲ್ಮೈ ತಾಸಿಗೆ ಸುಮಾರು 1,600 ಕಿಲೋಮೀಟರ್ ವೇಗದಲ್ಲಿ ಪೂರ್ವಕ್ಕೆ ಸಾಗುತ್ತಿದೆ. ನೀವು ಹೇಳಿದಂತೆ ವಿಮಾನ ಅದರಿಂದ ಬಿಡುಗಡೆ ಹೊಂದುವುದಾದರೆ, ಮೇಲೆ ಎದ್ದು ಒಂದು ತಾಸು ಸುಮ್ಮನೆ ನಿಂತರೂ ಸಾಕು, ಕೆಳಗೆ ಅರಬ್ಬಿ ಸಮುದ್ರ ಬಂದಿರಬೇಕಿತ್ತು. ನೆಲದ ಜೊತೆಗೆ ಗಾಳಿಯೂ, ಗಾಳಿಯೊಳಗಿನ ವಿಮಾನವೂ ತಿರುಗುತ್ತಿರುತ್ತವೆ. ಅದಲ್ಲದೆ, ವಾಸ್ತವದಲ್ಲಿ ಬೇಗ ಮುಟ್ಟುವುದು ಪೂರ್ವಕ್ಕೆ ಹಾರುವ ವಿಮಾನ. ಅದಕ್ಕೆ ಕಾರಣ ಗಾಳಿ. ಗಾಳಿಯ ವಿಷಯವನ್ನು ನನಗಿಂತ ಚೆನ್ನಾಗಿ ಬಲ್ಲವರು ಇಲ್ಲಿದ್ದಾರೆ.

ಕಪ್ಪತಗುಡ್ಡ

ಮಾಸ್ತರರು ನನ್ನನ್ನೇ ಕರೆದಂತಿದೆ. ನಾನು ಗದಗ ಜಿಲ್ಲೆಯಲ್ಲಿ ಗಾಳಿಯಂತ್ರಗಳ ನಿರ್ವಹಣೆಯ ಕೆಲಸದಲ್ಲಿದ್ದೇನೆ.

ಆಷಾಢದಲ್ಲಿ ಗದಗಿನಿಂದ ಮುಂಡರಗಿಯ ಕಡೆಗೆ ಸೈಕಲ್ ತುಳಿದವರಿಗೆ ಇದನ್ನು ಬೇರೆ ಹೇಳಬೇಕಿಲ್ಲ. ಹೋಗುವಾಗ ಪಡುವಣ ಗಾಳಿ ಬೆನ್ನಿಗಿದ್ದು ತಾನೇ ದಬ್ಬುತ್ತದೆ, ಬರುವಾಗ ಅದೇ ರಸ್ತೆ ಎರಡರಷ್ಟು ಉದ್ದವಾದಂತೆ ಅನಿಸುತ್ತದೆ. ವಿಮಾನಗಳು ಹಾರುವ ಹತ್ತು ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ, ಉಷ್ಣವಲಯ ದಾಟಿದ ಮೇಲೆ, ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಬಲವಾದ ಗಾಳಿಯ ಪಟ್ಟಿಗಳಿವೆ. ಅವುಗಳಿಗೆ ಜೆಟ್ ಸ್ಟ್ರೀಮ್ ಎನ್ನುತ್ತಾರೆ. ಸಾಮಾನ್ಯವಾಗಿ ತಾಸಿಗೆ ನೂರರಿಂದ ಇನ್ನೂರು ಕಿಲೋಮೀಟರ್ ವೇಗವಿರುತ್ತದೆ, ಚಳಿಗಾಲದಲ್ಲಿ ಕೆಲವೊಮ್ಮೆ ಮುನ್ನೂರನ್ನೂ ಮೀರುತ್ತದೆ. ಅಕ್ಕಾವರು ಹೊರಟಿರುವುದು ಜನವರಿಯಲ್ಲಿ, ಗಾಳಿ ಅತಿ ಜೋರಾಗಿರುವ ಕಾಲದಲ್ಲಿ.

ಸರಳವಾದ ಲೆಕ್ಕವೊಂದನ್ನು ನೋಡಿ. ವಿಮಾನದ ವೇಗ ತಾಸಿಗೆ 900 ಕಿಲೋಮೀಟರ್, ದೂರ 14,000 ಎಂದಿಟ್ಟುಕೊಂಡರೆ ಗಾಳಿಯೇ ಇಲ್ಲದಿದ್ದಾಗ ಹದಿನೈದೂವರೆ ತಾಸು ಬೇಕು. ದಾರಿಯುದ್ದಕ್ಕೂ ಸರಾಸರಿ ನೂರು ಕಿಲೋಮೀಟರ್ ಗಾಳಿ ಹಿಂದಿನಿಂದ ಬಂದರೆ ಹದಿನಾಲ್ಕು ತಾಸು ಸಾಕು. ಅಷ್ಟೇ ಗಾಳಿ ಎದುರಿನಿಂದ ಬಂದರೆ ಹದಿನೇಳೂವರೆ ತಾಸು. ಒಂದು ಕಡೆ ಉಳಿಸಿದ್ದು ಒಂದೂವರೆ, ಇನ್ನೊಂದು ಕಡೆ ಕಳೆದುಕೊಂಡದ್ದು ಎರಡು. ಎದುರುಗಾಳಿಯಲ್ಲಿ ವಿಮಾನ ಹೆಚ್ಚು ಹೊತ್ತು ಇರಬೇಕಾಗುವುದರಿಂದ, ಹೋಗಿಬರುವ ಪ್ರಯಾಣವನ್ನು ಒಟ್ಟಾಗಿ ನೋಡಿದಾಗ ಗಾಳಿ ಎಂದೂ ಲಾಭ ಕೊಡುವುದಿಲ್ಲ. ವ್ಯಾಪಾರಿಗಳಾದ ಕೋರ್ಟ್ ಸರ್ಕಲ್ ಅವರಿಗೆ ಇದು ಬೇಗ ಅರ್ಥವಾದೀತು.

ವರದಾ ತೀರ

ಕಪ್ಪತಗುಡ್ಡದವರು ಹೇಳಿದ ಲೆಕ್ಕಕ್ಕೆ ಒಂದು ನಿಜವಾದ ಉದಾಹರಣೆಯಿದೆ. ಏರ್ ಇಂಡಿಯಾ ಸಂಸ್ಥೆ 2015ರ ಡಿಸೆಂಬರ್‌ನಲ್ಲಿ ದೆಹಲಿ ಮತ್ತು ಸ್ಯಾನ್ ಫ್ರಾನ್ಸಿಸ್ಕೊ ನಡುವೆ ತಡೆರಹಿತ ವಿಮಾನ ಆರಂಭಿಸಿತು. ಆ ಎರಡು ಊರುಗಳ ನಡುವಿನ ಅತಿ ಕಡಿಮೆ ದೂರ ಸುಮಾರು 12,400 ಕಿಲೋಮೀಟರ್. ಮೊದಲು ಅಟ್ಲಾಂಟಿಕ್ ಕಡೆಯಿಂದ ಪಶ್ಚಿಮಾಭಿಮುಖವಾಗಿ ಹಾರುತ್ತಿದ್ದ ದಾರಿ ಸುಮಾರು 13,900 ಕಿಲೋಮೀಟರ್ ಇತ್ತು. 2016ರ ಅಕ್ಟೋಬರ್‌ನಲ್ಲಿ ಹೋಗುವ ವಿಮಾನವನ್ನು ಪೆಸಿಫಿಕ್ ಕಡೆಯಿಂದ ಪೂರ್ವಾಭಿಮುಖವಾಗಿ ಹಾರಿಸಿದಾಗ ದೂರ 15,300 ಕಿಲೋಮೀಟರ್‌ಗೆ ಏರಿತು, ಸಮಯ ಮಾತ್ರ ಸುಮಾರು ಹದಿನಾಲ್ಕೂವರೆ ತಾಸಿಗೆ ಇಳಿಯಿತು. ಸಾವಿರದ ನಾನೂರು ಕಿಲೋಮೀಟರ್ ಹೆಚ್ಚು ಹಾರಿ, ಎರಡು ತಾಸಿನಷ್ಟು ಮೊದಲೇ ಇಳಿದರು. ದೂರದ ಅಂಕಿಯನ್ನು ನೋಡಿ ಸಮಯವನ್ನು ಊಹಿಸಬಾರದೆಂದು ನಾನು ಹಟದಿಂದ ಹೇಳುವುದು ಇದಕ್ಕಾಗಿ.

ವಿಮಾನ ಸಂಸ್ಥೆಯೊಂದರ ಕಾರ್ಯಾಚರಣೆ ವಿಭಾಗದಲ್ಲಿ ಬಹಳ ಕಾಲ ದುಡಿದು ಈಗ ಹಾವೇರಿಯಲ್ಲಿ ನೆಲೆಸಿದ್ದೇನೆ. ದಾರಿ ನಿರ್ಧರಿಸುವ ಮೇಜಿನ ಮೇಲೆ ಕಿಲೋಮೀಟರ್ ಎಂಬುದು ಹತ್ತು ವಿಷಯಗಳಲ್ಲಿ ಒಂದು ಮಾತ್ರ. ಮಾಸ್ತರರು ಹಿಡಿದ ದಾರ ಟಿಬೆಟ್ ಮೇಲೆ ಹೋಗುತ್ತದೆ, ವಿಮಾನಗಳು ಆದಷ್ಟು ಹೋಗುವುದಿಲ್ಲ. ವಿಮಾನದೊಳಗಿನ ಗಾಳಿಯ ಒತ್ತಡ ಕುಸಿದರೆ ಪೈಲಟ್ ತಕ್ಷಣ ಮೂರು ಸಾವಿರ ಮೀಟರ್ ಎತ್ತರಕ್ಕೆ ಇಳಿಯಬೇಕಾಗುತ್ತದೆ. ಟಿಬೆಟ್ ಪ್ರಸ್ಥಭೂಮಿಯ ಸರಾಸರಿ ಎತ್ತರವೇ ನಾಲ್ಕೂವರೆ ಸಾವಿರ ಮೀಟರ್. ಹೀಗೆ ಇಳಿಯಲು ಜಾಗವೇ ಇಲ್ಲದ ಕಡೆ ಸುತ್ತು ಹಾಕಿ ಹೋಗುವುದು ಉಚಿತ.

ಎರಡನೆಯದು, ಎರಡು ಎಂಜಿನ್‌ಗಳ ವಿಮಾನ ದಾರಿಯುದ್ದಕ್ಕೂ ನಿಗದಿತ ಸಮಯದೊಳಗೆ ಮುಟ್ಟಬಹುದಾದ ವಿಮಾನ ನಿಲ್ದಾಣವೊಂದನ್ನು ಕೈಯಳತೆಯಲ್ಲಿ ಇಟ್ಟುಕೊಂಡೇ ಹಾರಬೇಕು. 2023ರ ಜೂನ್‌ನಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟ ವಿಮಾನವೊಂದು ಎಂಜಿನ್ ತೊಂದರೆಯಿಂದ ರಷ್ಯಾದ ಪೂರ್ವ ತುದಿಯ ಮಗದಾನ್ ಎಂಬ ಊರಿನಲ್ಲಿ ಇಳಿದದ್ದು ಹಲವರಿಗೆ ನೆನಪಿರಬಹುದು. ಪ್ರಯಾಣಿಕರು ಬದಲಿ ವಿಮಾನ ಬರುವವರೆಗೆ ಅಲ್ಲಿಯೇ ಉಳಿಯಬೇಕಾಯಿತು. ಅನನುಕೂಲ ದೊಡ್ಡದೇ, ಆದರೆ ಆ ನಿಲ್ದಾಣ ಅಲ್ಲಿದ್ದದ್ದೇ ಆ ದಾರಿಯ ಯೋಜನೆಯ ಸಾರ್ಥಕತೆ.

ಮೂರನೆಯದು ದೇಶಗಳ ನಡುವಿನ ಜಗಳ. 2022ರ ಫೆಬ್ರವರಿಯ ನಂತರ ರಷ್ಯಾದ ಆಕಾಶ ಅಮೆರಿಕ ಮತ್ತು ಯುರೋಪಿನ ಸಂಸ್ಥೆಗಳಿಗೆ ಮುಚ್ಚಿತು. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನದ ಆಕಾಶ ಭಾರತದ ಸಂಸ್ಥೆಗಳಿಗೆ ಮುಚ್ಚಿತು. ಊರುಗಳು ಇದ್ದಲ್ಲೇ ಇವೆ, ನಡುವಿನ ತಾಸುಗಳು ಹೆಚ್ಚಾದವು. ಹಳೆಯ ಬರಹಗಳಲ್ಲಿ ಕಾಣುವ ಪ್ರಯಾಣದ ಸಮಯವನ್ನು ಈಗಲೂ ಸರಿ ಎಂದು ನಂಬಿ ಕೂರಬಾರದು.

ನವನಗರ

ನಾನು ಓದಿದ್ದ ನೆನಪು, ಬೆಂಗಳೂರಿನಿಂದಲೂ ನೇರ ವಿಮಾನ ಆರಂಭವಾಗಿತ್ತು, ಉತ್ತರ ಧ್ರುವದ ಮೇಲೆ ಹಾರಿತ್ತು. ಅದರ ಸಮಯ ಎಷ್ಟಿತ್ತು?

ವರದಾ ತೀರ

ಹೌದು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಅವರ ನೇತೃತ್ವದಲ್ಲಿ ಮಹಿಳೆಯರೇ ಕಾಕ್‌ಪಿಟ್‌ನಲ್ಲಿದ್ದ ಆ ಬೋಯಿಂಗ್ 777-200 ಎಲ್‌ಆರ್ ವಿಮಾನ 2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊ ಬಿಟ್ಟು, ಉತ್ತರ ಧ್ರುವದ ಮೇಲೆ ಹಾದು, ಜನವರಿ 11ರ ನಸುಕಿನಲ್ಲಿ ಬೆಂಗಳೂರಿನಲ್ಲಿ ಇಳಿಯಿತು. ಹಿಡಿದ ಸಮಯ ಹದಿನೇಳು ತಾಸಿಗೂ ಮಿಕ್ಕು. ಧ್ರುವದ ಮೇಲೆ ಹೋದದ್ದು ಸಾಹಸಕ್ಕಾಗಿ ಅಲ್ಲ. ಬರುವ ದಾರಿಯಲ್ಲಿ ಎದುರಾಗುವ ಪಡುವಣ ಗಾಳಿಯನ್ನು ತಪ್ಪಿಸಿಕೊಂಡು ಇಂಧನ ಉಳಿಸುವುದಕ್ಕಾಗಿ.

ಇಷ್ಟು ಉದ್ದದ ಮಾರ್ಗಗಳು ಆರಂಭವಾಗುತ್ತವೆ, ಕೆಲ ಕಾಲ ನಿಲ್ಲುತ್ತವೆ, ದಿನಗಳು ಬದಲಾಗುತ್ತವೆ. ಇಂಧನವನ್ನೇ ಹೊರಲು ಇಂಧನ ಸುಡಬೇಕಾಗುವುದರಿಂದ ಇವು ಸಂಸ್ಥೆಗಳಿಗೆ ದುಬಾರಿ. ಅಕ್ಕಾವರು ತಮ್ಮ ಪ್ರಯಾಣದ ತಿಂಗಳಿನ ವೇಳಾಪಟ್ಟಿಯನ್ನೇ ನೋಡಬೇಕು.

ಉಣಕಲ್ ಕೆರೆ

ಇಷ್ಟೊಂದು ವಿಷಯ ತಿಳಿಸಿಕೊಟ್ಟದ್ದಕ್ಕೆ ಎಲ್ಲರಿಗೂ ಧನ್ಯವಾದಗಳು. ಆದರೆ ಚೀಟಿಯ ಒಗಟು ಹಾಗೆಯೇ ಉಳಿದಿದೆ. ನಸುಕಿನ 4ಕ್ಕೆ ಹೊರಟು ಮಧ್ಯಾಹ್ನ 1ಕ್ಕೆ ಮುಟ್ಟುವುದು ಹೇಗೆ? ನಮ್ಮ ಯಜಮಾನರು ಏಜೆಂಟರು ತಪ್ಪು ಬರೆದಿದ್ದಾರೆಂದೇ ವಾದಿಸುತ್ತಿದ್ದಾರೆ.

ಸಾಧನಕೇರಿ

ಏಜೆಂಟರು ಸರಿಯಾಗಿಯೇ ಬರೆದಿದ್ದಾರೆ. ಟಿಕೆಟ್ಟಿನ ಮೇಲಿನ ಪ್ರತಿ ಗಂಟೆಯೂ ಆಯಾ ಊರಿನ ಗೋಡೆ ಗಡಿಯಾರದ ಗಂಟೆ. ಭಾರತದ ಸಮಯ 82.5 ಡಿಗ್ರಿ ಪೂರ್ವ ರೇಖಾಂಶವನ್ನು ಆಧರಿಸಿದ್ದು, ಗ್ರೀನಿಚ್‌ಗಿಂತ ಐದೂವರೆ ತಾಸು ಮುಂದಿದೆ. ಕ್ಯಾಲಿಫೋರ್ನಿಯಾ ಚಳಿಗಾಲದಲ್ಲಿ ಗ್ರೀನಿಚ್‌ಗಿಂತ ಎಂಟು ತಾಸು ಹಿಂದಿದೆ. ಎರಡೂ ಕೂಡಿ ಹದಿಮೂರೂವರೆ ತಾಸು ಅಂತರ.

ಈಗ ಚೀಟಿಯನ್ನು ಬಿಡಿಸೋಣ. ಬೆಂಗಳೂರಿನಿಂದ ದುಬೈಗೆ ಸುಮಾರು 2,700 ಕಿಲೋಮೀಟರ್, ನಾಲ್ಕು ತಾಸಿನ ಹಾರಾಟ. ನಸುಕಿನ 4ಕ್ಕೆ ಹೊರಟವರು ನಮ್ಮ ಬೆಳಗಿನ 8ಕ್ಕೆ ಇಳಿಯುತ್ತೀರಿ. ದುಬೈ ಒಂದೂವರೆ ತಾಸು ಹಿಂದಿರುವುದರಿಂದ ಅಲ್ಲಿಯ ಗಡಿಯಾರ ಆರೂವರೆ ತೋರಿಸುತ್ತದೆ. ಅಲ್ಲಿ ಎರಡೂವರೆ ತಾಸು ಕಾದು 9ಕ್ಕೆ ಮುಂದಿನ ವಿಮಾನ ಹತ್ತಿದರೆ, ಸುಮಾರು 13,000 ಕಿಲೋಮೀಟರ್ ದಾರಿಗೆ ಹದಿನಾರು ತಾಸು. ದುಬೈಯಲ್ಲಿ ಶುಕ್ರವಾರದ ನಡುರಾತ್ರಿ ದಾಟಿ ಶನಿವಾರ ನಸುಕಿನ 1 ಗಂಟೆಯಾದಾಗ ನೀವು ಇಳಿಯುತ್ತೀರಿ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಆಗ ಇನ್ನೂ ಶುಕ್ರವಾರ ಮಧ್ಯಾಹ್ನ 1 ಗಂಟೆ. ನಾಲ್ಕು, ಎರಡೂವರೆ, ಹದಿನಾರು ಸೇರಿ ಇಪ್ಪತ್ತೆರಡೂವರೆ ತಾಸು. ಗಡಿಯಾರ ತೋರಿಸುವ ಒಂಬತ್ತಕ್ಕೆ ಹದಿಮೂರೂವರೆ ಸೇರಿಸಿದರೂ ಅದೇ ಬರುತ್ತದೆ. ಯಜಮಾನರು ಕಾಗದದ ಮೇಲೆ ತಾಳೆ ನೋಡಲಿ.

ಬರುವಾಗ ಇದೇ ಹದಿಮೂರೂವರೆ ತಾಸನ್ನು ಮರಳಿ ಕೊಡಬೇಕಾಗುತ್ತದೆ. ಭಾನುವಾರ ಸಂಜೆ 4ಕ್ಕೆ ಅಲ್ಲಿಂದ ಹೊರಟು ಇಪ್ಪತ್ತೊಂದು ತಾಸು ಪ್ರಯಾಣ ಮಾಡಿದರೆ ಅಲ್ಲಿ ಸೋಮವಾರ ಮಧ್ಯಾಹ್ನ 1, ಬೆಂಗಳೂರಿನಲ್ಲಿ ಮಂಗಳವಾರ ನಸುಕಿನ ಎರಡೂವರೆ.

ಕೋರ್ಟ್ ಸರ್ಕಲ್

ಹಾಗಿದ್ದರೆ ದುಬೈ ಮೂಲಕ ಹೋಗುವುದು ಒಟ್ಟು 15,700 ಕಿಲೋಮೀಟರ್ ಆಯಿತು. ಫ್ರಾಂಕ್‌ಫರ್ಟ್ ಮೂಲಕ 16,500, ಸಿಂಗಾಪುರ ಮೂಲಕ 16,700ರ ಹತ್ತಿರ ಎಂದು ನಾನೂ ಈಗ ಕೂಡಿಸಿ ನೋಡಿದೆ. ದುಬೈಯೇ ಉತ್ತಮವೆಂದು ತೀರ್ಮಾನಿಸಬಹುದಲ್ಲವೇ?

ನವನಗರ

ಕಿಲೋಮೀಟರ್‌ನಿಂದ ತೀರ್ಮಾನಿಸಬಾರದೆಂದು ವರದಾ ತೀರದವರು ಮೇಲೆಯೇ ಹೇಳಿದ್ದಾರೆ, ಸರ್. ಮೊಣಕಾಲು ನೋವಿರುವವರಿಗೆ ಹದಿನಾರು ತಾಸು ಒಂದೇ ಕುರ್ಚಿಯಲ್ಲಿ ಕೂರುವುದಕ್ಕಿಂತ ದಾರಿಯನ್ನು ನಡುವೆ ಒಡೆಯುವುದು ವಾಸಿ. ಫ್ರಾಂಕ್‌ಫರ್ಟ್ ದಾರಿ 7,400 ಮತ್ತು 9,100 ಕಿಲೋಮೀಟರ್‌ಗಳ ಎರಡು ತುಂಡುಗಳಾಗಿ ಬಹುತೇಕ ಸಮನಾಗಿ ಒಡೆಯುತ್ತದೆ. ದುಬೈ ಮತ್ತು ಸಿಂಗಾಪುರದ ದಾರಿಗಳಲ್ಲಿ ಒಂದು ತುಂಡು ಚಿಕ್ಕದು, ಇನ್ನೊಂದು ಬಹಳ ದೊಡ್ಡದು. ನನ್ನ ತಂದೆತಾಯಿಯನ್ನು ಕಳಿಸುವಾಗ ನಾನು ಸಮನಾದ ತುಂಡುಗಳನ್ನೇ ಆರಿಸಿದೆ, ಎರಡು ತಾಸು ಹೆಚ್ಚು ಹಿಡಿದರೂ ಅವರು ಇಳಿದಾಗ ನಡೆಯುವ ಸ್ಥಿತಿಯಲ್ಲಿದ್ದರು.

ಇಷ್ಟು ಹೊತ್ತು ಎಲ್ಲರೂ ಬೆಂಗಳೂರಿನಿಂದ ಲೆಕ್ಕ ಹಾಕುತ್ತಿದ್ದೀರಿ, ಅಕ್ಕಾವರು ಹೊರಡುವುದು ಉಣಕಲ್ಲಿನಿಂದ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಆಕಾಶದಲ್ಲಿ 370 ಕಿಲೋಮೀಟರ್ ಇರಬಹುದು, ರಸ್ತೆಯಲ್ಲಿ ನಾನೂರು ದಾಟುತ್ತದೆ. ನಸುಕಿನ 4ರ ವಿಮಾನಕ್ಕೆ ರಾತ್ರಿ 1 ಗಂಟೆಯೊಳಗೆ ದೇವನಹಳ್ಳಿಯಲ್ಲಿರಬೇಕು. ಧಾರವಾಡದಿಂದ ಮಧ್ಯಾಹ್ನ ಹೊರಡುವ ವಂದೇ ಭಾರತ್ ರೈಲು ರಾತ್ರಿ ಎಂಟರ ಸುಮಾರಿಗೆ ಬೆಂಗಳೂರು ಮುಟ್ಟಿಸುತ್ತದೆ. ಊಟ ಮಾಡಿಕೊಂಡು ನಿಲ್ದಾಣಕ್ಕೆ ಹೋಗಲು ಸಾಕಷ್ಟು ವೇಳೆ ಉಳಿಯುತ್ತದೆ. ಸ್ವಂತ ಕಾರಿನಲ್ಲಿ ಹೋಗುವವರು ತುಮಕೂರು ದಾಟಿದ ಮೇಲೆ ನಗರದೊಳಗೆ ನುಗ್ಗದೆ ದಾಬಸ್‌ಪೇಟೆ, ದೊಡ್ಡಬಳ್ಳಾಪುರದ ಮೂಲಕ ದೇವನಹಳ್ಳಿಗೆ ಹೋಗುವುದು ಲೇಸು. ಹುಬ್ಬಳ್ಳಿಯಿಂದ ವಿಮಾನದಲ್ಲಿ ಬೆಂಗಳೂರಿಗೆ ಹೋಗುವುದಾದರೆ ಹಾರಾಟ ಒಂದು ತಾಸಿನದ್ದೇ, ಆದರೆ ಅದು ಬೇರೆ ಟಿಕೆಟ್ ಆಗಿದ್ದರೆ, ಮಂಜಿನಿಂದಲೋ ಮತ್ತೊಂದರಿಂದಲೋ ತಡವಾದಾಗ ಮುಂದಿನ ಸಂಸ್ಥೆ ಹೊಣೆ ಹೊರುವುದಿಲ್ಲ. ಎಲ್ಲ ಹಾರಾಟಗಳೂ ಒಂದೇ ಪಿಎನ್‌ಆರ್ ಅಡಿಯಲ್ಲಿ ಇರುವಂತೆ ಏಜೆಂಟರಿಗೆ ಹೇಳಬೇಕು.

ಮಧ್ಯಾಹ್ನ 2ಕ್ಕೆ ಮನೆ ಬಿಟ್ಟರೆ ವಿಮಾನ ಹೊರಡುವವರೆಗೆ ಹದಿನಾಲ್ಕು ತಾಸು, ಪ್ರಯಾಣ ಇಪ್ಪತ್ತೆರಡೂವರೆ, ಅಲ್ಲಿ ವಲಸೆ ತಪಾಸಣೆ ಮತ್ತು ಸಾಮಾನು ಪಡೆಯುವುದಕ್ಕೆ ಎರಡು. ಮೂವತ್ತೆಂಟೂವರೆ ತಾಸು ಆಯಿತು. ನೇರ ವಿಮಾನ ಸಿಕ್ಕಿದರೂ ಉಳಿತಾಯವಾಗುವುದು ಆರೇಳು ತಾಸು ಮಾತ್ರ.

ಬೆಟಗೇರಿ

ನಾನು ವೈದ್ಯೆ, ಸಕ್ಕರೆ ಕಾಯಿಲೆಯ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ಹೋಗುವಾಗ ಗಡಿಯಾರದ ಪ್ರಕಾರ ನಿಮ್ಮ ಶುಕ್ರವಾರ ಮೂವತ್ತೇಳೂವರೆ ತಾಸಿನ ದಿನವಾಗುತ್ತದೆ. “ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ” ಎಂದು ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಇದು ಗೊಂದಲ ತರುತ್ತದೆ. ಯಾವ ತಾಸಿಗೆ ಎಷ್ಟು ಎಂಬುದನ್ನು ಅವರಿಗೆ ಚಿಕಿತ್ಸೆ ಕೊಡುತ್ತಿರುವ ವೈದ್ಯರಿಂದಲೇ ಭಾರತದ ಸಮಯದಲ್ಲಿ ಬರೆಸಿಕೊಳ್ಳಿ. ಪ್ರಯಾಣ ಮುಗಿಯುವವರೆಗೆ ಒಂದು ಕೈಗಡಿಯಾರವನ್ನು ಬದಲಿಸದೆ ಇಟ್ಟುಕೊಳ್ಳಿ. ಇನ್ಸುಲಿನ್ ಮತ್ತು ವೈದ್ಯರ ಚೀಟಿ ಕೈಚೀಲದಲ್ಲೇ ಇರಲಿ. ಕೆಳಗಿನ ಸಾಮಾನಿನ ಕೋಣೆಯಲ್ಲಿ ಅದು ಹೆಪ್ಪುಗಟ್ಟಿ ಕೆಡಬಹುದು.

ಬಹಳ ಹೊತ್ತು ಅಲುಗಾಡದೆ ಕೂತರೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ. ನಡುದಾರಿಯ ಪಕ್ಕದ ಆಸನ ಕೇಳಿ, ಒಂದೆರಡು ತಾಸಿಗೊಮ್ಮೆ ಎದ್ದು ನಡೆಯಿರಿ, ನೀರು ಕುಡಿಯಿರಿ. ಶೌಚಾಲಯಕ್ಕೆ ಏಳಬೇಕಾಗುತ್ತದೆಂದು ನೀರೇ ಕುಡಿಯದೆ ಕೂರುವ ನಮ್ಮ ಹೆಣ್ಣುಮಕ್ಕಳ ರೂಢಿ ಇಲ್ಲಿ ಬೇಡ. ವ್ಹೀಲ್‌ಚೇರ್ ಬೇಕೆಂದು ಟಿಕೆಟ್ ತೆಗೆಯುವಾಗಲೇ ಬರೆಸಿ.

ಉಣಕಲ್ ಕೆರೆ

ಮಾಸ್ತರರ ಲೆಕ್ಕವನ್ನು ಯಜಮಾನರು ಕಾಗದದ ಮೇಲೆ ಮಾಡಿ ನೋಡಿ, ಏಜೆಂಟರನ್ನು ದೂರುವುದನ್ನು ನಿಲ್ಲಿಸಿದ್ದಾರೆ. ನವನಗರದವರ ಮಾತಿನಂತೆ ದಾರಿಯನ್ನು ಸಮನಾಗಿ ಒಡೆಯುವ ಟಿಕೆಟ್ಟನ್ನೇ ಒಂದೇ ಪಿಎನ್‌ಆರ್‌ನಲ್ಲಿ ಕೇಳುತ್ತೇವೆ. ಇನ್ನೊಂದೇ ಪ್ರಶ್ನೆ: ನಾವು ಮರಳುವುದು ಏಪ್ರಿಲ್‌ನಲ್ಲಿ. ಮಗಳು ಆಗ ಹನ್ನೆರಡೂವರೆ ತಾಸಿನ ವ್ಯತ್ಯಾಸ ಎನ್ನುತ್ತಾಳೆ, ನೀವು ಹದಿಮೂರೂವರೆ ಎಂದಿದ್ದೀರಿ.

ವರದಾ ತೀರ

ಇಬ್ಬರೂ ಹೇಳಿದ್ದು ಸರಿ. ಅಮೆರಿಕದಲ್ಲಿ ಮಾರ್ಚ್ ತಿಂಗಳ ಎರಡನೇ ಭಾನುವಾರ ಗಡಿಯಾರವನ್ನು ಒಂದು ತಾಸು ಮುಂದೆ ಇಟ್ಟು, ನವೆಂಬರ್ ತಿಂಗಳ ಮೊದಲ ಭಾನುವಾರ ಮತ್ತೆ ಹಿಂದಕ್ಕೆ ತರುತ್ತಾರೆ. ಯುರೋಪಿನಲ್ಲಿ ಅದೇ ಬದಲಾವಣೆ ಮಾರ್ಚ್ ತಿಂಗಳ ಕೊನೆಯ ಭಾನುವಾರ ಆಗುತ್ತದೆ, ಭಾರತದಲ್ಲಿ ಆಗುವುದೇ ಇಲ್ಲ. ಹೀಗಾಗಿ ಜನವರಿಯಲ್ಲಿ ತೆಗೆದ ಟಿಕೆಟ್ಟಿನ ಏಪ್ರಿಲ್ ವೇಳೆಗಳು ಸ್ವಲ್ಪ ಜರುಗುವುದುಂಟು. ಮರಳುವ ವಾರಕ್ಕೆ ಮೊದಲು ಮಗಳಿಂದ ಪಿಎನ್‌ಆರ್ ಹಾಕಿಸಿ ಹೊಸ ವೇಳೆಯನ್ನು ನೋಡಿಸಿ, ಬೆಂಗಳೂರಿನಿಂದ ಹುಬ್ಬಳ್ಳಿಯ ರೈಲನ್ನು ಆಮೇಲೆ ಕಾಯ್ದಿರಿಸಿ.